ನಲವತ್ತು ಇಂಚಿನ ಮೇಲೆ ಎಳೆದ ಗೆರೆ

1936ರಲ್ಲಿ ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದೆ. ವಯಸ್ಸು ಮೂವತ್ತೊಂದು, ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಇಂಟರ್‌ಮೀಡಿಯೆಟ್ ಎರಡನೇ ವರ್ಷದ ಅರುವತ್ತೆರಡು ವಿದ್ಯಾರ್ಥಿಗಳಿಗೆ ವಾರವಾರ ಮನೆಲೆಕ್ಕ ಕೊಟ್ಟು, ಸೋಮವಾರ ನೋಟ್‌ಬುಕ್ ತರಿಸಿ ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ಉಳಿದ ಅಧ್ಯಾಪಕರು ಅದನ್ನು ಕತ್ತೆಚಾಕರಿ ಎನ್ನುತ್ತಿದ್ದರು. ನನಗೆ ಅದು ಪ್ರಿಯವಾದ ಕೆಲಸ. ಕಲಿಸುವುದಕ್ಕಿಂತ ತಪ್ಪು ಹಿಡಿಯುವುದರಲ್ಲಿ ನನಗೆ ಹೆಚ್ಚು ಸಂತೋಷವಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಓದುಗರಿಗೆ ಅರ್ಥವಾಗುತ್ತದೆ.

ನಮ್ಮ ಪಠ್ಯಪುಸ್ತಕ ವಿಲಾಯತಿಯಲ್ಲಿ ಅಚ್ಚಾದದ್ದು. ಪ್ರತಿ ಅಧ್ಯಾಯದ ಕೊನೆಗೆ ಲೆಕ್ಕಗಳು, ಪುಸ್ತಕದ ಕೊನೆಗೆ ಅವುಗಳ ಉತ್ತರಗಳು. ತೇಲುವ ವಸ್ತುಗಳ ಅಧ್ಯಾಯದ ಒಂದು ಲೆಕ್ಕಕ್ಕೆ ಮಾತ್ರ ಅಲ್ಲಿ ಕೊಟ್ಟ ಉತ್ತರ ತಪ್ಪು. ನನಗಿಂತ ಹಿಂದಿದ್ದ ಅಧ್ಯಾಪಕರು ಅದನ್ನು ಕಂಡುಹಿಡಿದಿದ್ದರು, ಆದರೆ ಯಾರಿಗೂ ಹೇಳಿರಲಿಲ್ಲ. ಪ್ರತಿ ವರ್ಷ ಆ ಲೆಕ್ಕವನ್ನು ಕೊಡುವುದು, ಪುಸ್ತಕದ ಉತ್ತರವನ್ನೇ ಬರೆದು ತಂದವರನ್ನು ಕಳ್ಳರೆಂದು ಹಿಡಿಯುವುದು, ಇದು ಅವರ ಪದ್ಧತಿ. ನಿವೃತ್ತರಾಗುವಾಗ ಲ್ಯಾಬೊರೇಟರಿಯ ಬೀಗದ ಕೈಯ ಜೊತೆ ಈ ಗುಟ್ಟನ್ನೂ ನನಗೆ ಕೊಟ್ಟು ಹೋಗಿದ್ದರು. ನಮ್ಮಿಬ್ಬರ ನಡುವೆ ಅದಕ್ಕೆ ಗಾಳ ಎಂದು ಹೆಸರು.

ಲೆಕ್ಕ ಬಹಳ ಸರಳ. ನೇರ ಬದಿಗಳಿರುವ ಒಂದು ದೋಣಿ ಹೊಳೆಯ ಸಿಹಿನೀರಿನಲ್ಲಿ 41 ಇಂಚು ಮುಳುಗಿ ನಿಂತಿದೆ. ಸಮುದ್ರದ ನೀರು ಹೊಳೆನೀರಿನ 1.025 ಪಟ್ಟು ಭಾರ. ದೋಣಿ ಸಮುದ್ರಕ್ಕೆ ಹೋದಾಗ ಎಷ್ಟು ಇಂಚು ಮುಳುಗುತ್ತದೆ? ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಬದಿಗೆ ಸರಿಸುತ್ತದೆ. ನೀರು ಭಾರವಾದರೆ ಕಡಿಮೆ ನೀರನ್ನು ಸರಿಸಿದರೆ ಸಾಕು. ಆದ್ದರಿಂದ ದೋಣಿ ಮೇಲೇಳಬೇಕು. 41ನ್ನು 1.025ರಿಂದ ಭಾಗಿಸಿದರೆ 40 ಇಂಚು. ಪುಸ್ತಕದಲ್ಲಿ ಭಾಗಿಸುವ ಬದಲು ಗುಣಿಸಿ 42.025 ಎಂದು ಅಚ್ಚು ಹಾಕಿದ್ದರು. ಅಂದರೆ ದೋಣಿ ಸಮುದ್ರದಲ್ಲಿ ಇನ್ನಷ್ಟು ಮುಳುಗಬೇಕು.

ಆ ವರ್ಷ ತರಗತಿಯಲ್ಲಿ ವಾಸು ಎಂಬವನಿದ್ದ. ಹೊಳೆಯಾಚೆಯ ಬೆಂಗ್ರೆಯವನು, ಮೀನು ಹಿಡಿಯುವ ಮೊಗವೀರರ ಮನೆಯವನು. ನಡುವೆ ಮೂರು ವರ್ಷ ಓದು ಬಿಟ್ಟು ಅಪ್ಪನ ಜೊತೆ ಕಡಲಿಗೆ ಹೋಗಿದ್ದರಿಂದ ಆಗಲೇ ಇಪ್ಪತ್ತೆರಡಾಗಿತ್ತು. ದಿನವೂ ದೋಣಿಯಲ್ಲಿ ಬಂದರಿಗೆ ಬಂದು, ಅಲ್ಲಿಂದ ಗುಡ್ಡ ಹತ್ತಿ ಕಾಲೇಜಿಗೆ ನಡೆಯುತ್ತಿದ್ದ. ಇಂಟರ್‌ಮೀಡಿಯೆಟ್ ಪಾಸಾದರೆ ಮದ್ರಾಸಿನಲ್ಲಿ ಎಂಜಿನಿಯರಿಂಗಿಗೆ ಅರ್ಜಿ ಹಾಕಬೇಕೆಂದು ಅವನಿಗಿತ್ತು. ಮನೆಯವರು ಇದೊಂದು ವರ್ಷ ಮಾತ್ರ ಬಿಟ್ಟಿದ್ದರು. ಈ ಸಲ ಪರೀಕ್ಷೆಗೆ ಕೂರದಿದ್ದರೆ ಮತ್ತೆ ಬಲೆಗೇ ಹೋಗಬೇಕು. ಇದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ನನಗೂ ಗೊತ್ತಿತ್ತು.

ಅದೇ ಅಧ್ಯಾಯವನ್ನು ಪಾಠ ಮಾಡುವಾಗ ಅವನೊಮ್ಮೆ ಎದ್ದು ನಿಂತು, ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ದೋಣಿಗೆ ಹೀಗಾಗುತ್ತದೆ ಎಂದು ಏನೋ ಹೇಳಲು ಹೊರಟಿದ್ದ. ನಾನು ಅರ್ಧದಲ್ಲೇ ತಡೆದೆ. "ನಿನ್ನ ದೋಣಿ, ಬಲೆ ಎಲ್ಲ ಬೆಂಗ್ರೆಯಲ್ಲೇ ಇರಲಿ ಮಾರಾಯ. ಇಲ್ಲಿ ಪುಸ್ತಕದಲ್ಲಿ ಎಂತ ಉಂಟು, ಅದು ಮಾತ್ರ" ಎಂದೆ. ತರಗತಿ ನಕ್ಕಿತು. ನಗಿಸುವುದು ನನಗೆ ಬರುತ್ತಿತ್ತು. ಅವನೂ ಸ್ವಲ್ಪ ನಕ್ಕು ಕುಳಿತ.

ಡಿಸೆಂಬರಿನ ಎರಡನೇ ಸೋಮವಾರ ಗಾಳದ ನೋಟ್‌ಬುಕ್‌ಗಳು ಬಂದವು. ಏಳು ಮಂದಿ 42.025 ಬರೆದಿದ್ದರು. ಆರು ಮಂದಿಯ ಪುಟದಲ್ಲಿ ಉತ್ತರ ಬಿಟ್ಟರೆ ಮತ್ತೇನೂ ಇರಲಿಲ್ಲ. ಏಳನೆಯದು ವಾಸುವಿನದು. ಅವನು ನಾಲ್ಕು ಸಾಲಿನಲ್ಲಿ ಲೆಕ್ಕ ಬಿಡಿಸಿದ್ದ, ಕೊನೆಗೆ 40 ಇಂಚು ಎಂದಿತ್ತು. ಅದರ ಮೇಲೆ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದು, ಕೆಳಗೆ 42.025 ಎಂದು ಬರೆದಿದ್ದ.

ಮರುದಿನ ಏಳೂ ಮಂದಿಯನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆರು ಮಂದಿ ತಲೆ ತಗ್ಗಿಸಿದರು. ವಾಸು ಮಾತ್ರ ಕಾಪಿ ಮಾಡಿಲ್ಲ ಎಂದ. ಹಾಗಾದರೆ 40 ಬರೆದು ಹೊಡೆದು ಹಾಕಿದ್ದು ಯಾಕೆ ಎಂದು ಕೇಳಿದೆ.

"ಪುಸ್ತಕದಲ್ಲಿ ಬೇರೆ ಇತ್ತು ಸಾರ್. ಪುಸ್ತಕದಲ್ಲಿ ಇದ್ದದ್ದೇ ಸರಿ ಅಂತ ನೀವು ಹೇಳಿದ್ರಿ."

ಅವನು ಅಣಕಿಸುತ್ತಿದ್ದಾನೆ ಎಂದು ನನಗೆ ಅನಿಸಿತು. ಅವನ ಪಕ್ಕದಲ್ಲಿ ಕೂರುತ್ತಿದ್ದವನು ವಕೀಲರೊಬ್ಬರ ಮಗ, ಅವನು ಸರಿಯಾಗಿ 40 ಬರೆದಿದ್ದ. ನನಗೆ ಅಷ್ಟು ಸಾಕಾಯಿತು. "ನೆರೆಯವನಿಂದ ಒಂದು, ಪುಸ್ತಕದಿಂದ ಒಂದು. ಕದಿಯುವುದರಲ್ಲೂ ಎರಡು ಬಲೆ ಹಾಕಿದ್ದೀಯಾ?" ಎಂದೆ. ಈ ಸಲ ತರಗತಿ ಮೊದಲಿಗಿಂತ ಜೋರಾಗಿ ನಕ್ಕಿತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಗಂಟೆ ಮುಗಿಯುವವರೆಗೂ ಅವನನ್ನು ಬೆಂಚಿನ ಮೇಲೆಯೇ ಇಟ್ಟು ಪಾಠ ಮಾಡಿದೆ. ಪಾಠ ಚೆನ್ನಾಗಿಯೇ ಆಯಿತು.

ಆ ಕಾಲದಲ್ಲಿ ಸೆಲೆಕ್ಷನ್ ಎಂಬ ಕ್ರಮವಿತ್ತು. ಕಾಲೇಜು ಆರಿಸಿ ಕಳಿಸಿದವರಷ್ಟೇ ಯೂನಿವರ್ಸಿಟಿಯ ಪರೀಕ್ಷೆಗೆ ಕೂರಬಹುದು. ನಕಲು ಮಾಡಿ ಸಿಕ್ಕಿಬಿದ್ದವರು ತಪ್ಪೊಪ್ಪಿಗೆಯ ಕಾಗದ ಬರೆದುಕೊಟ್ಟರೆ ಕ್ಷಮಿಸಿ ಸೇರಿಸುವುದು, ಇಲ್ಲದಿದ್ದರೆ ಕೈಬಿಡುವುದು ನಮ್ಮ ಕಾಲೇಜಿನ ರೂಢಿ. ಗುರುವಾರದೊಳಗೆ ಆರೂ ಮಂದಿ ಕಾಗದ ತಂದರು. ಮೂವರು ಅಪ್ಪಂದಿರನ್ನೂ ಕರೆತಂದಿದ್ದರು. ಎಲ್ಲರ ಕಾಗದಕ್ಕೂ ನಾನು ಸಹಿ ಹಾಕಿದೆ.

ವಾಸು ಬಂದದ್ದು ಶುಕ್ರವಾರ ಮಧ್ಯಾಹ್ನ, ಬರಿಗೈಯಲ್ಲಿ. ನಾನೇ ಒಂದು ಹಾಳೆ, ಪೆನ್ನು ಮುಂದಿಟ್ಟು, ಎರಡು ಸಾಲು ಬರೆದರೆ ಮುಗಿಯಿತು ಎಂದೆ. ಅವನು ಪೆನ್ನು ಮುಟ್ಟಲಿಲ್ಲ.

"ಮಾಡದ್ದನ್ನು ಮಾಡಿದ್ದೇನೆ ಅಂತ ಹೇಗೆ ಬರೆಯುವುದು ಸಾರ್? ನೀವು ಆ 40ರ ಮೇಲಿನ ಸಾಲು ಒಮ್ಮೆ ನೋಡಿ."

ನೋಡುವುದಿಲ್ಲ, ಹೋಗು ಎಂದೆ. ಅವನು ಕೈಮುಗಿದು ಹೋದ.

ಅವನು ಹೋದ ಮೇಲೆ ನೋಡಿದೆ. ಕುತೂಹಲ ಯಾರನ್ನು ಬಿಟ್ಟಿದೆ? ವಕೀಲರ ಮಗನ ನೋಟ್‌ಬುಕ್ಕನ್ನೂ ತೆರೆದು ಪಕ್ಕದಲ್ಲಿಟ್ಟೆ. ಅವನದು ಎಲ್ಲರಂತೆ ದಶಾಂಶದ ಉದ್ದ ಭಾಗಾಕಾರ. ವಾಸು ಹಾಗೆ ಮಾಡಿರಲಿಲ್ಲ. 1.025 ಎಂದರೆ ಒಂದು ಮತ್ತು ನಲವತ್ತನೇ ಒಂದು ಪಾಲು, ಅಂದರೆ 41/40 ಎಂದು ಮಾಡಿಕೊಂಡಿದ್ದ. ಹಾಗಾದರೆ ಹೊಳೆಯ ನಲವತ್ತೊಂದು ಇಂಚು ಸಮುದ್ರದಲ್ಲಿ ನಲವತ್ತು, ದೋಣಿ ಒಂದು ಇಂಚು ಏಳುತ್ತದೆ. ಭಾಗಾಕಾರದ ಗೊಡವೆಯೇ ಇಲ್ಲ. ಅರುವತ್ತೆರಡು ನೋಟ್‌ಬುಕ್‌ಗಳಲ್ಲಿ ಈ ದಾರಿ ಮತ್ತೆಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆರು ವರ್ಷದಿಂದ ಆ ಲೆಕ್ಕವನ್ನು ಕೊಡುತ್ತಿದ್ದ ನನಗೂ ಅದು ಹೊಳೆದಿರಲಿಲ್ಲ. ಅವನು ಕದ್ದಿಲ್ಲ ಎಂದು ಆಗ ನನಗೆ ಸಂಶಯವಿಲ್ಲದೆ ಗೊತ್ತಾಯಿತು. ಅದರ ಜೊತೆಗೇ ಅವನ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಶನಿವಾರ ಹನ್ನೊಂದಕ್ಕೆ ಸೆಲೆಕ್ಷನ್ ಮೀಟಿಂಗ್. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ವಾಸುವಿನ ಹೆಸರು ಬಂದಾಗ ಕನ್ನಡಕ ತೆಗೆದು, ಉಳಿದ ವಿಷಯಗಳಲ್ಲಿ ಈತನ ಅಂಕ ಚೆನ್ನಾಗಿದೆ, ಇನ್ನೊಮ್ಮೆ ಯೋಚಿಸುವಂಥದ್ದು ಏನಾದರೂ ಇದೆಯೇ ಎಂದು ನನ್ನನ್ನೇ ಕೇಳಿದರು. ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಅದನ್ನು ತೆರೆದು ತೋರಿಸಿದರೆ ತರಗತಿಯ ಮುಂದೆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು, ಗೊತ್ತಿದ್ದೇ ತಪ್ಪು ಲೆಕ್ಕ ಕೊಡುವ ಗಾಳದ ಗುಟ್ಟೂ ಪ್ರಿನ್ಸಿಪಾಲರ ಮುಂದೆ ಹೊರಬೀಳುತ್ತದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಇರಬೇಕಿತ್ತು.

"ಇಲ್ಲ" ಎಂದೆ.

ಕಾಗದ ಬರೆದ ಆರು ಕಳ್ಳರು ಪರೀಕ್ಷೆಗೆ ಕೂತರು. ಅವರಲ್ಲಿ ನಾಲ್ವರು ಪಾಸಾದರು, ಒಬ್ಬ ಮುಂದೆ ದೊಡ್ಡ ಹುದ್ದೆಗೆ ಹೋದ. ವಾಸು ಸೋಮವಾರದಿಂದ ಬರಲಿಲ್ಲ. ನನಗೆ ನಿದ್ದೆ ಕೆಟ್ಟಿತು, ಊಟ ಸೇರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಅದೇ ಲೆಕ್ಕವನ್ನು ಮತ್ತೆ ಕೊಟ್ಟೆ.

1946ರಲ್ಲಿ ನನ್ನ ಭಾವನ ಹಂಚಿನ ಲೋಡು ಬಂದರಿನಲ್ಲಿ ಮಂಜಿಗೆ ಹತ್ತುವುದಿತ್ತು. ಮಂಜಿ ಎಂದರೆ ಸರಕು ಸಾಗಿಸುವ ಹಾಯಿಹಡಗು. ಭಾವನಿಗೆ ಜ್ವರ ಬಂದದ್ದರಿಂದ ನೋಡಿಕೊಳ್ಳಲು ನಾನು ಹೋದೆ. ಮಂಜಿಯ ಯಜಮಾನರು ಬಂದರಿನ ಬ್ಯಾರಿ ವ್ಯಾಪಾರಿಗಳು, ನಡೆಸುವ ತಂಡೇಲ ವಾಸು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ದಕ್ಕೆಗೆ ಇಳಿದು ಬಂದ, ಕೂರಲು ಪೆಟ್ಟಿಗೆ ತರಿಸಿದ, ಮನೆಯವರನ್ನೆಲ್ಲ ವಿಚಾರಿಸಿದ. ಲೋಡು ಮುಗಿಯುತ್ತ ಬಂದಾಗ, ಒಂದು ಮಾತು ಕೇಳಬಹುದೇ ಎಂದ.

"ಆ ಹೊಡೆದು ಹಾಕಿದ್ದರ ಮೇಲಿನ ಸಾಲು ನೀವು ನೋಡ್ಲಿಲ್ಲ ಅಲ್ವಾ ಸಾರ್? ನೋಡಿದ್ರೆ ಪರೀಕ್ಷೆಗೆ ಬಿಡ್ತಿದ್ರು ಅಂತ ನಾನು ಅಮ್ಮನ ಹತ್ತಿರ ಹೇಳ್ತಾ ಬಂದಿದ್ದೇನೆ. ಅವರು ಈಗಲೂ ಕೇಳ್ತಾರೆ."

ಹತ್ತು ವರ್ಷ ಅವನು ಆ ಒಂದು ನಂಬಿಕೆಯ ಮೇಲೆ ನನ್ನನ್ನು ಮನ್ನಿಸಿಕೊಂಡು ಬಂದಿದ್ದ. ನೋಡಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಎದೆಯ ಭಾರ ಇಳಿಸಿಕೊಳ್ಳುವ ಆಸೆ ಹುಟ್ಟಿತು.

"ನೋಡಿದ್ದೆ. ಮೀಟಿಂಗಿನ ಹಿಂದಿನ ದಿನವೇ ನೋಡಿದ್ದೆ" ಎಂದೆ.

ಅವನು ಸಿಟ್ಟಾಗಲಿಲ್ಲ. "ಹಾಗಾದ್ರೆ ಅಮ್ಮನಿಗೆ ಎಂತ ಹೇಳುವುದು?" ಎಂದು ಕೇಳಿದ. ಅವನು ಮಂಜಿಗೆ ಹತ್ತಿದ, ಹಗ್ಗ ಬಿಚ್ಚಲು ತುಳುವಿನಲ್ಲಿ ಕೂಗಿ ಹೇಳಿದ. ಮತ್ತೆ ನನ್ನ ಕಡೆ ತಿರುಗಲಿಲ್ಲ.

ಮೂವತ್ತು ವರ್ಷದ ವೃತ್ತಿ ನನಗೆ ಕಲಿಸಿದ್ದು ಇಷ್ಟೆ. ಕಳ್ಳನೂ ವಿಧೇಯನೂ ಕೆಲವೊಮ್ಮೆ ಒಂದೇ ಉತ್ತರ ಬರೆಯುತ್ತಾರೆ, ಯಾರು ಯಾರೆಂದು ತಿಳಿಯಲು ಮೇಲಿನ ಸಾಲುಗಳನ್ನು ಓದಬೇಕು. ಓದಿದ ಮೇಲೆ ಆ ಹೊತ್ತಿಗೇ ಬಾಯಿ ಬಿಡಬೇಕು. ಶನಿವಾರ ಹನ್ನೊಂದು ಗಂಟೆಗೆ ಹೇಳಿದ್ದರೆ ನನ್ನ ಮಾತು ನ್ಯಾಯವಾಗುತ್ತಿತ್ತು. ಹತ್ತು ವರ್ಷ ಕಳೆದು ಹೇಳಿದ್ದರಿಂದ ನನಗೆ ಹಗುರಾಯಿತು, ಆ ತಾಯಿಗೆ ಉಳಿದಿದ್ದ ಒಂದು ಸಮಾಧಾನವೂ ಹೋಯಿತು.