'ರದ್ದು' ಉಪಕರಣಕ್ಕೆ ನಾನು ಬರೆದ ಸಾಲು

ಅಕ್ಕ ತೀರಿಕೊಂಡು ಎರಡು ತಿಂಗಳಾಗಿತ್ತು. ಕುಸನೂರಿನ ಬಾಡಿಗೆ ಮನೆಯಿಂದ ಶರಣಬಸವೇಶ್ವರ ಗುಡಿಯ ಹತ್ತಿರದ ಕಚೇರಿಗೆ ದಿನವೂ ಆಟೊದಲ್ಲಿ ಹೋಗಿ ಬರುತ್ತಿದ್ದೆ. ಅತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರು ಮರಗಟ್ಟಿದ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ದಿನಗಳು ಹಾಗಿದ್ದವು.

ನನ್ನ ಕೆಲಸ ಬರೆಯುವುದು. ನಮ್ಮ ಸಣ್ಣ ಕಂಪನಿ ಡಯಾಲಿಸಿಸ್ ಕೇಂದ್ರಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತದೆ. ಆ ವರ್ಷ ಅದಕ್ಕೊಂದು ಎಐ ಏಜೆಂಟ್ ಸೇರಿಸಿದೆವು. ರೋಗಿಗಳು ಕಳಿಸಿದ ಸಂದೇಶ ಓದಿ, ಸರದಿ ಕೊಡುವ, ಬದಲಿಸುವ, ಅಳಿಸುವ ಸಾಫ್ಟ್‌ವೇರ್ ಉಪಕರಣಗಳಲ್ಲಿ ಯಾವುದನ್ನು ಬಳಸಬೇಕೆಂದು ಅದೇ ತೀರ್ಮಾನಿಸುತ್ತಿತ್ತು. ಪ್ರತಿ ಉಪಕರಣ ಏನು ಮಾಡುತ್ತದೆಂದು ನಾನು ಬರೆದುಕೊಡಬೇಕು. ಏಜೆಂಟಿಗೆ ಕಾಣುವುದು ಆ ಸಾಲುಗಳಷ್ಟೇ. ಒಳಗಿನ ಕೋಡ್ ಅದಕ್ಕೆ ಕಾಣದು, ಪಕ್ಕದ ಮೇಜಿನವರನ್ನು ಕೇಳಲೂ ಆಗದು.

'ರದ್ದು' ಎಂಬ ಉಪಕರಣಕ್ಕೆ ಒಂದೇ ಸಾಲು ಬರೆದಿದ್ದೆ: "ರೋಗಿಗೆ ಬರಲಾಗದಿದ್ದಾಗ ಸರದಿ ರದ್ದು ಮಾಡುತ್ತದೆ." ಅದು ಮುಂದಿನ ಎಲ್ಲ ಸರದಿಗಳನ್ನೂ ಅಳಿಸಿಬಿಡುತ್ತದೆಂದು ನನಗೆ ಗೊತ್ತಿತ್ತು. ಆ ದಿನಗಳ ಮಂಕಿನಲ್ಲಿ ಬರೆಯಲಿಲ್ಲ. ಒಂದು ದಿನದ ಮಟ್ಟಿಗೆ 'ದಿನ ಬದಲು' ಎಂಬ ಬೇರೆ ಉಪಕರಣವೇ ಇತ್ತು, ಅದನ್ನೂ ಹೇಳಲಿಲ್ಲ.

ಕಮಲಾಪುರದಿಂದ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ನಿವೃತ್ತ ಲೈನ್‌ಮನ್, ಹೆಂಡತಿಗೆ ಜ್ವರ, ಸೋಮವಾರ ಬರಲಾಗದು ಎಂದು ಸಂದೇಶ ಕಳಿಸಿದರು. ಏಜೆಂಟ್ ರದ್ದು ಮಾಡಿತು. ಬುಧವಾರ ಗಂಡ ಹೆಂಡತಿ ಇಬ್ಬರೂ ಬಂದಾಗ ಅವರ ಯಂತ್ರದ ಮಂಚದಲ್ಲಿ ಬೇರೊಬ್ಬರು ಮಲಗಿದ್ದರು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. ಲೈನ್‌ಮನ್‌ಗೆ ಉಸಿರು ಕಟ್ಟತೊಡಗಿದಾಗ ನರ್ಸ್ ನೋಡಿ, ಓಡಾಡಿ ಒಂದು ಯಂತ್ರ ಹೊಂದಿಸಿದರು. ಬದುಕಿದರು.

ಮರುದಿನ ದಾಖಲೆ ತೆರೆದೆ. ಏಜೆಂಟ್ ನನ್ನ ಸಾಲನ್ನು ಅಕ್ಷರಶಃ ಪಾಲಿಸಿತ್ತು. ನಮ್ಮ ಮುಖ್ಯಸ್ಥೆ ಬೈಯಲಿಲ್ಲ; ಏಜೆಂಟ್ ತಪ್ಪು ತಿಳಿಯಿತೆಂದು ವರದಿ ಕೊಡೋಣ ಎಂದರು. ಸಾಲು ನನ್ನದು, ಹಾಗೇ ಬರೆಯಿರಿ ಎಂದೆ. ಧೈರ್ಯದಿಂದೇನಲ್ಲ. ಆಗ ಅಂಜಿಕೆಯೂ ನನ್ನ ಹತ್ತಿರ ಬರುತ್ತಿರಲಿಲ್ಲ.

ಭಾನುವಾರ ಕಮಲಾಪುರಕ್ಕೆ ಹೋದೆ. ರಸ್ತೆಬದಿ ಕೆಂಪು ಬಾಳೆಯ ಗೊನೆಗಳು ನೇತಾಡುತ್ತಿದ್ದವು. ಒಂದು ಗೊನೆ ಕೊಳ್ಳಲು ನಿಂತು, ಈ ರೋಗಿಗಳಿಗೆ ಬಾಳೆಹಣ್ಣು ವರ್ಜ್ಯವೆಂದು ನೆನಪಾಗಿ ಬರಿಗೈಯಲ್ಲಿ ನಡೆದೆ. ಲೈನ್‌ಮನ್ ಮನೆಯ ಮುಂದೆ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ನಡೆದದ್ದನ್ನು ಹೇಳಿದೆ. ನಾನು ಬರೆದದ್ದನ್ನು ಓದಲು ಹೇಳಿದರು. ಓದಿದೆ.

"ಇಷ್ಟೇ ಬರ್ದಿದ್ರಿ ಏನ್ರಿ?"

"ಇಷ್ಟೇ ರೀ."

ಅವರು ರಸ್ತೆಯ ವಿದ್ಯುತ್ ಕಂಬದತ್ತ ಕೈ ಮಾಡಿದರು. "ನಾವು ಕಂಬ ಹತ್ತೋ ಮುಂದ ಕೆಳಗ ಸ್ವಿಚ್ಚಿಗೆ ಬೋರ್ಡ್ ಕಟ್ತಿದ್ವಿ. ಬರೇ 'ಬಂದ್' ಅಂತ ಬರದ್ರ ಆಗಂಗಿಲ್ಲ. ಮ್ಯಾಲ ಯಾರ ಅದಾರ, ಚಾಲೂ ಮಾಡಿದ್ರ ಏನಾಗ್ತದ, ಯಾರ್ನ ಕೇಳಿ ಮುಟ್ಟಬೇಕು, ಎಲ್ಲಾ ಬರೀಬೇಕು. ಓದಾಂವಗ ಮ್ಯಾಲಿನ ಮನಷ್ಯಾ ಕಾಣಂಗಿಲ್ಲ ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನ ಮುಖ ನೋಡದೆ ಹೇಳಿದರು, "ಅವತ್ತ ಇವರ ಕೈ ತಣ್ಣಗ ಆಗಿದ್ವು."

ತಪ್ಪಾಯಿತು ಎಂದೆ. ಆಕೆ ಇರಲಿ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಸೋಮವಾರ ಹೊಸದಾಗಿ ಬರೆದೆ: "ಈ ರೋಗಿಯ ಮುಂದಿನ ಎಲ್ಲ ಸರದಿಗಳನ್ನೂ ಅಳಿಸುತ್ತದೆ. ಯಂತ್ರ ಬೇರೆಯವರಿಗೆ ಹೋಗುತ್ತದೆ. ಚಿಕಿತ್ಸೆ ತಪ್ಪಿದರೆ ರೋಗಿಯ ಜೀವಕ್ಕೆ ಅಪಾಯ. ಒಂದು ದಿನ ಮಾತ್ರ ಬರಲಾಗದಿದ್ದರೆ ಇದನ್ನು ಬಳಸಬೇಡ. 'ದಿನ ಬದಲು' ಬಳಸು. ಸಂದೇಹವಿದ್ದರೆ ರೋಗಿಯನ್ನು ಕೇಳು. ಉತ್ತರ ಬರುವವರೆಗೆ ಏನನ್ನೂ ಅಳಿಸಬೇಡ, ಕೇಂದ್ರದ ನರ್ಸ್‌ಗೆ ತಿಳಿಸು."

ಲೈನ್‌ಮನ್ ಕಳಿಸಿದ್ದ ಅದೇ ಹಳೆಯ ಸಂದೇಶ ಕೊಟ್ಟು ಪರೀಕ್ಷಿಸಿದೆವು. ಸೋಮವಾರದ ಬದಲು ಯಾವ ದಿನ ಬರುತ್ತೀರಿ ಎಂದು ಏಜೆಂಟ್ ಕೇಳಿತು. ಮುಖ್ಯಸ್ಥೆ ನಕ್ಕು ನನ್ನ ಭುಜ ತಟ್ಟಿದರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮುಂದಿನ ಉಪಕರಣದ ವಿವರಣೆ ತೆರೆದೆ. ಆ ವಾರ ಪೂರ್ತಿ ಅದನ್ನೇ ಮಾಡಿದೆ, ಪ್ರತಿಯೊಂದಕ್ಕೂ ಯಾವಾಗ ಬಳಸಬಾರದೆಂದು ಮೊದಲು ಬರೆದು.

ಅವರು ಈಗಲೂ ಕಮಲಾಪುರದಿಂದ ಬರುತ್ತಾರಂತೆ. ಕೇಂದ್ರ ನಮ್ಮ ಕಚೇರಿಯಿಂದ ನಡೆದು ಹೋಗುವಷ್ಟೇ ದೂರ. ಅವರು ಅಂದು ಕಾದು ಕೂತ ಬೆಂಚನ್ನು ನೋಡಲು ನಾನಿನ್ನೂ ಹೋಗಿಲ್ಲ.