ಬದನೆ ಹೂವಿನ ಕಳ್ಳ

ಅರ್ಧ ಆಯುಷ್ಯ ಹೊಗೆಸೊಪ್ಪು ಬೆಳೆದ ಗಾವಡಗೆರೆಯ ಕಂಠಪ್ಪನವರು ಈಗ ಶಾಲೆಯ ಬದನೆ ತೋಟಕ್ಕೆ ಸ್ವಯಂಘೋಷಿತ ಸೇನಾಧಿಪತಿ. ಮೂರನೇ ಕ್ಲಾಸಿನ ಮಕ್ಕಳು ತಾವೇ ಬೆಳೆದ ಬದನೆಯಲ್ಲಿ ಎಣ್ಣೆಗಾಯಿ ಮಾಡಿ ಊರಿಗೆ ಬಡಿಸುತ್ತಾರೆಂದು ಸಾರಿದವರೂ ಅವರೇ. ಗಿಡಗಳೇನೋ ಆನೆಕಿವಿಯಂಥ ಎಲೆ ಬಿಟ್ಟು ಮೆರೆಯುತ್ತಿದ್ದವು. ಕಾಯಿ ಮಾತ್ರ ಒಂದೂ ಇಲ್ಲ. ಅರಳಿದ ಹೂವೆಲ್ಲ ಮಾಯ.

"ಅಳಿಲಿನ ಕೆಲ್ಸ ಕಣ್ರಪ್ಪಾ! ಸಿಕ್ಲಿ, ಬುಡಾಕಿಲ್ಲ!" ಎಂದು ಗುಡುಗುತ್ತ ಅವರು ಸಾಲುಗಳ ನಡುವೆ ಗಸ್ತು ತಿರುಗಿದರು.

ಹಿಂದೆಯೇ ಬರುತ್ತಿದ್ದ ಮೂರನೇ ಕ್ಲಾಸಿನ ಹೇಮಶ್ರೀ ಕಿರುಚಿದಳು. "ತಾತಾ, ನಿಮ್ ಕೈ ನೋಡ್ಕಳಿ!"

ಬೆರಳುಗಳ ನಡುವೆ ನೇರಳೆ ಹೂವಿತ್ತು. ಹೊಗೆಸೊಪ್ಪಿನಲ್ಲಿ ಎಲೆ ದಪ್ಪವಾಗಲೆಂದು ಹೂವು ಕಂಡಲ್ಲೇ ಮುರಿಯುತ್ತಾರೆ. ಇದು ಬದನೆಯೆಂದು ಆ ಬೆರಳುಗಳಿಗೆ ಯಾರೂ ಹೇಳಿರಲಿಲ್ಲ.

"ಎಲೆ ಪಸಂದಾಗೈತಲ್ಲವ್ವಾ?" ಕಂಠಪ್ಪನವರು ಗೊಣಗಿದರು.

"ಎಲೇಲಿ ಎಣ್ಣೆಗಾಯಿ ಮಾಡಾಕಾಯ್ತದಾ ತಾತಾ?"

ಮಕ್ಕಳ ನ್ಯಾಯ ಪಂಚಾಯ್ತಿ ತೀರ್ಪು ಕೊಟ್ಟಿತು. ಎಣ್ಣೆಗಾಯಿ ಮುಂದಿನ ತಿಂಗಳಿಗೆ; ಸೇನಾಧಿಪತಿ ತೋಟದಲ್ಲಿರುವಷ್ಟು ಹೊತ್ತೂ ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದಿರಬೇಕು, ಮೊಗೆದು ಹುಯ್ಯುವುದು ಮಕ್ಕಳು.

ಮೊದಲ ಬದನೆಕಾಯಿ ಕಂಡ ದಿನ ಮುಟ್ಟಲು ಕೈ ಖಾಲಿಯಿಲ್ಲದ ಕಂಠಪ್ಪನವರು, ಬಕೆಟ್ ಇಳಿಸದೆಯೇ ಬಗ್ಗಿ, ಮೂಗಿನಿಂದ ಅದನ್ನು ಮೆಲ್ಲಗೆ ಸವರಿದರು.