ಸೇಂದಿ ಅಂಗಡಿಯ ಎದುರಿನ ಕಾಲೇಜು

ಸಿಂಧನೂರಿಗೆ ಬಂದ ಮೊದಲ ಬೆಳಿಗ್ಗೆ ನಾನು ಕಂಡದ್ದು ಇದು: ಕೂಲಿಗೆ ಹೊರಟ ಒಬ್ಬ ತಾಯಿ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು, ಅಳುವ ಕೂಸಿನ ಬಾಯಿಗೆ ಚಮಚದಿಂದ ಬೆಳ್ಳಗಿನದೇನನ್ನೋ ಹನಿಸುತ್ತಿದ್ದಳು. ಹಾಲಿರಬೇಕು ಅಂದುಕೊಂಡೆ. ಕೂಸು ಅಳು ನಿಲ್ಲಿಸಿತು, ಕತ್ತು ವಾಲಿಸಿತು, ಸತ್ತಂತೆ ಮಲಗಿಬಿಟ್ಟಿತು. ನನ್ನ ಜೊತೆಗಿದ್ದ ಮನೆಯೊಡತಿ ಶಾಂತಮ್ಮ ಸಮಾಧಾನವಾಗಿ ಹೇಳಿದರು: "ಸೇಂದಿ ರೀ ಅದು. ಇನ್ನ ಸಂಜೀತನಾ ಏಳಂಗಿಲ್ಲ. ಆಕಿ ನಾಟಿ ಹಚ್ಚಾಕ ಹೋಗಬೇಕಲ್ಲ, ಏನ್ ಮಾಡ್ಯಾಳು ಪಾಪ?"

ಸೇಂದಿ ಅಂದರೆ ಈಚಲ ಮರದ ಹೆಂಡ. ಈಚಲ ಮರ ಮಾತ್ರ ಸುತ್ತ ಹರದಾರಿ ನಡೆದರೂ ನನಗೆ ಕಾಣಲಿಲ್ಲ. ನೀರಿಗೆ ಮತ್ತು ಬರಿಸುವ ಬಿಳಿ ಪುಡಿ ಕಲಸಿದರೆ ಸೇಂದಿ ಆಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದನ್ನು ಮಾರುವ ಅಂಗಡಿಗೆ ಸರ್ಕಾರದ ಲೈಸೆನ್ಸು, ಗೋಡೆಗೆ ಹಸಿರು ಬಣ್ಣ. ಅಂಗಡಿ ಇದ್ದದ್ದು ನಾನು ಇತಿಹಾಸ ಕಲಿಸಲು ಬಂದಿದ್ದ ಖಾಸಗಿ ಕಾಲೇಜಿನ ಗೇಟಿನ ಎದುರಿಗೆ. ಅದರ ಗುತ್ತೇದಾರರೇ ನಮ್ಮ ಕಾಲೇಜು ಕಮಿಟಿಯ ಸದಸ್ಯರು. ಇದು ಎಂಬತ್ತರ ದಶಕದ ಕೊನೆಯ ಮಾತು.

ಮಂಡ್ಯದ ನನ್ನ ಜನರೇ, ನೀವು ಪತ್ರದಲ್ಲಿ ಕೇಳುತ್ತಿದ್ದಿರಿ, ಅಲ್ಲಿ ಹೇಗೆ ಬದುಕುತ್ತೀ ಎಂದು. ಬದುಕು ಕಷ್ಟವಿರಲಿಲ್ಲ. ನಮ್ಮಲ್ಲಿ ನಾಲೆ, ಇಲ್ಲಿ ಕಾಲುವೆ. ಭತ್ತದ ಹಸಿರು ಎರಡೂ ಕಡೆ ಒಂದೇ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಮೊದಮೊದಲು ಇಳಿಯಲಿಲ್ಲ. "ನುಂಗಬ್ಯಾಡ್ರಿ, ಅಗೀರಿ" ಎಂದು ಶಾಂತಮ್ಮ ಮಗುವಿಗೆ ಹೇಳಿದಂತೆ ಹೇಳಿಕೊಟ್ಟರು. ರೈಸ್‌ಮಿಲ್ಲಿನ ಹಿಂದಿನ ಅವರ ಮನೆಯಲ್ಲಿ ನನ್ನ ಕೋಣೆಯ ಕಿಟಕಿ ತೆಗೆದರೆ ತೌಡಿನ ಧೂಳು, ಮುಚ್ಚಿದರೆ ರಾಯಚೂರಿನ ಸೆಕೆ. ಭಾನುವಾರಗಳಲ್ಲಿ ಅಳು ಬರುತ್ತಿತ್ತು. ಆದರೆ ಜನ ನನ್ನನ್ನು ಎಂದೂ ಹೊರಗಿನವಳೆಂದು ನೋಡಲಿಲ್ಲ. ತರಕಾರಿಯವಳು ಕೂಡ "ನಮ್ಮ ಮೇಡಂ" ಎನ್ನುತ್ತಿದ್ದಳು. ಅದು ನನ್ನ ಗುಣಕ್ಕೆ ಸಿಕ್ಕ ಮರ್ಯಾದೆ ಎಂದು ನಾನು ಉಬ್ಬಿದ್ದೆ.

ಊರ ಹೊರಗೆ ಆರ್.ಎಚ್. ಕ್ಯಾಂಪುಗಳಿವೆ. ಗಡಿಯಾಚೆಯಿಂದ ಓಡಿಬಂದ ಬಂಗಾಲಿ ನಿರಾಶ್ರಿತರಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿದ ಹಳ್ಳಿಗಳು. ಮಣ್ಣಿನ ಗೋಡೆ, ಸಾರಿಸಿದ ಅಂಗಳ, ಮನೆ ಹಿಂದೊಂದು ಮೀನಿನ ಹೊಂಡ. ಅಲ್ಲಿಂದ ಬಂದವನು ನಿತಾಯ್, ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿ. ಹುಟ್ಟಿದ್ದು ಸಿಂಧನೂರಿನ ಸರ್ಕಾರಿ ದವಾಖಾನೆಯಲ್ಲಿ. ನನ್ನ ತರಗತಿಯಲ್ಲಿ ಅವನಷ್ಟು ಚೆಂದದ ಕನ್ನಡ ಬರೆಯುವವರು ಇನ್ನೊಬ್ಬರಿರಲಿಲ್ಲ. ಪಾಸಾದರೆ ಅವರ ಕ್ಯಾಂಪಿಗೆ ಅವನೇ ಮೊದಲ ಪದವೀಧರ.

ದಸರೆ ಬಂತು. ನಮ್ಮ ಕಡೆ ದಸರೆ ಎಂದರೆ ಮೈಸೂರಿನ ಆನೆ ನೋಡಿ ಬರುವುದು. ಇಲ್ಲಿ ದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಕೈ ಮುಗಿಯುತ್ತಾರೆ. ಜಗಳವಾಡಿದವರೂ ಕೊಡಬೇಕು. ಬಂಗಾಲಿಗಳಿಗೂ ಅದೇ ದಿನ ದುರ್ಗೆಯನ್ನು ನೀರಿಗೆ ಬಿಟ್ಟು ಬಂದು, ಹಿರಿಯರ ಕಾಲಿಗೆರಗಿ, ಸಿಹಿ ತಿಂದು, 'ಸಿದ್ಧಿ' ಎಂಬ ಪಾನಕವನ್ನು ಒಂದು ಗುಟುಕು ಕುಡಿಯುವ ರೂಢಿ. ಹಾಲು, ಸಕ್ಕರೆ, ಕೊಬ್ಬರಿ, ಜೊತೆಗೆ ಚಿಟಿಕೆಯಷ್ಟು ಭಂಗಿ ಸೊಪ್ಪು, ಅಂದರೆ ಗಾಂಜಾ ಗಿಡದ ಎಲೆ. ಅಜ್ಜಿಯಿಂದ ಹಿಡಿದು ಎಲ್ಲರಿಗೂ ಗುಟುಕು ಮಾತ್ರ, ನಮ್ಮ ತೀರ್ಥದ ಹಾಗೆ.

ನಿತಾಯ್ ಮಾಡಿದ್ದು ಇಷ್ಟೇ. ಹಾಸ್ಟೆಲ್ಲಿನ ಗೆಳೆಯರು ಬನ್ನಿ ಕೊಡುತ್ತಾರೆ, ಬರಿಗೈಲಿ ಹೇಗೆ ಹೋಗುವುದು ಎಂದು ತಾಯಿ ಮಾಡಿದ ಸಿದ್ಧಿಯನ್ನು ಚೊಂಬಿನಲ್ಲಿ ತಂದು ಗುಟುಕು ಗುಟುಕು ಹಂಚಿದ. ಗುತ್ತೇದಾರರ ಮಗ ಅಲ್ಲೇ ಇದ್ದ. ಊರಲ್ಲೇ ಮನೆಯಿದ್ದರೂ ಹಾಸ್ಟೆಲ್ಲಿನಲ್ಲೇ ಬಿದ್ದಿರುತ್ತಿದ್ದ. ಮಧ್ಯಾಹ್ನದಿಂದ ಅಪ್ಪನ ಅಂಗಡಿಯ ಸೇಂದಿ ಕುಡಿದವನು, ಉಳಿದ ಸಿದ್ಧಿಯನ್ನೂ ಚೊಂಬಿಗೆ ಬಾಯಿಟ್ಟು ಮುಗಿಸಿ, ವರಾಂಡದಲ್ಲಿ ವಾಂತಿ ಮಾಡಿಕೊಂಡು ಬಿದ್ದ. ದವಾಖಾನೆಗೆ ಸೇರಿಸಿದರು, ಮರುದಿನ ಎದ್ದು ಕೂತ.

ಮಾದಕ ವಸ್ತುಗಳ ಹೊಸ ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಕಾಲೇಜುಗಳು ಕಟ್ಟುನಿಟ್ಟಾಗಿರಬೇಕೆಂಬ ಸುತ್ತೋಲೆಯೂ ಬಂದಿತ್ತು. ಪ್ರಿನ್ಸಿಪಾಲರು ಶಿಸ್ತು ಸಮಿತಿ ಕರೆದರು. ಅವರು, ಗುತ್ತೇದಾರರು, ಹೆಣ್ಣುಮಗಳೊಬ್ಬಳಿರಲಿ ಎಂದು ನಾನು. ಬಿದ್ದವನ ಅಪ್ಪನೇ ತೀರ್ಪು ಕೊಡುವವರ ಸಾಲಿನಲ್ಲಿ ಕೂತಿದ್ದರು! ಮೇಜಿನ ಮೇಲೆ ಖಾಲಿ ಚೊಂಬು.

"ಗಾಂಜಾ ಎಲ್ಲಿಂದ ತಂದಿ ಲೇ?" ಎಂದರು ಪ್ರಿನ್ಸಿಪಾಲರು.

"ಗಾಂಜಾ ಅಲ್ರೀ ಸರ್. ಹಬ್ಬದ ಪಾನಕ. ಎಲ್ಲಾರೂ ಒಂದೊಂದ್ ಗುಟುಕು ಕುಡದಾರ, ಯಾರಿಗೂ ಏನೂ ಆಗಿಲ್ರಿ. ಅಂವ ಮದ್ಲ ಸೇಂದಿ ಕುಡದಿದ್ದ."

"ಸೇಂದಿ ಸುದ್ದಿ ತಗೀಬ್ಯಾಡ. ಅದಕ್ಕ ಲೈಸೆನ್ಸ್ ಐತಿ" ಎಂದು ಪ್ರಿನ್ಸಿಪಾಲರೇ ತಡೆದರು.

"ಹಾಗಾದರೆ ಕುಡಿದು ಹಾಸ್ಟೆಲ್ಲಿಗೆ ಬಂದ ಹುಡುಗನಿಗೆ ವಿಚಾರಣೆ ಇಲ್ಲವಾ ಸಾರ್?" ಎಂದೆ ನಾನು.

ಪ್ರಿನ್ಸಿಪಾಲರು ಕೇಳದವರಂತೆ ಕನ್ನಡಕ ಒರೆಸಿದರು. ಗುತ್ತೇದಾರರು ಬಾಯಿ ತೆರೆದರು: "ಬಂದವರು ಬಂದವರಂಗ ಇರಬೇಕು. ಜಾಗಾ ಕೊಟ್ಟೀವಿ ಅಂತ ತಮ್ಮ ದೇಶದ ಚಟ ಎಲ್ಲಾ ನಮ್ಮೂರಾಗ ತರಬಾರದು."

"ನಾ ಇಲ್ಲೇ ಹುಟ್ಟೀನ್ರಿ" ಎಂದ ನಿತಾಯ್, ಮೆಲ್ಲಗೆ.

ಗುತ್ತೇದಾರರ ತಂದೆಯೂ ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದವರು. ದುಡ್ಡು ಹಿಡಿದು ಬಂದವನು ಸಾಹುಕಾರ, ಜೀವ ಹಿಡಿದು ಬಂದವನು ಮಾತ್ರ ಬಂದವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಅಂದು ಕಣ್ಣಾರೆ ಕಂಡೆ. ನಾನು ಸಹಿ ಹಾಕಲಿಲ್ಲ. ಇಬ್ಬರ ಸಹಿ ಸಾಕಾಯಿತು. ನಿತಾಯ್‌ನನ್ನು ಕಾಲೇಜಿನಿಂದ ತೆಗೆದುಹಾಕಿ ಟಿ.ಸಿ. ಕೈಗಿತ್ತರು. ನಡತೆಯ ಜಾಗದಲ್ಲಿ 'ತೃಪ್ತಿಕರವಲ್ಲ, ಮಾದಕ ಪದಾರ್ಥ' ಎಂದು ಕೆಂಪು ಮಸಿಯಲ್ಲಿ ಬರೆದಿತ್ತು.

ಲಿಂಗಸುಗೂರಿನ ಕಾಲೇಜಿನಲ್ಲಿ ಸೇರಿಸಬಹುದೇನೋ ಎಂದು ನಾನು, ನಿತಾಯ್, ಅವನ ತಾಯಿ ಸರಳಾ ಬಸ್ಸು ಹತ್ತಿದೆವು. ಜವಾನ ಚಹಾ ತಂದು ಕೊಡುವ ತನಕ ಅಲ್ಲಿನ ಪ್ರಿನ್ಸಿಪಾಲರು ಬಹಳ ಸಜ್ಜನರು. ಟಿ.ಸಿ. ನೋಡಿದ ಮೇಲೆ, "ಗಾಂಜಾ ಕೇಸ್ ನಮಗ್ಯಾಕ್ರೀ ಮೇಡಂ? ನಮ್ಮ ಹುಡುಗ್ರೂ ಕೆಡತಾವು" ಎಂದು ಎದ್ದು ನಿಂತರು. ಇದು ಕಾಲೇಜುಗಳ ಶಿಸ್ತು. ಒಂದು ಕಡೆ ಬರೆ ಹಾಕಿದರೆ ಸಾಲದು, ಅದರ ಗುರುತು ಎಲ್ಲ ಬಾಗಿಲಲ್ಲೂ ಕಾಣಬೇಕು.

ವಾಪಸು ಬರುವಾಗ ಮಸ್ಕಿಯಲ್ಲಿ ಬಸ್ಸು ಕೆಟ್ಟಿತು. ಬೇವಿನ ನೆರಳಲ್ಲಿ ಕೂತೆವು. ನಾಟಿ ಗದ್ದೆಯಲ್ಲಿ ಕಲಿತ ಕನ್ನಡದಲ್ಲಿ ಸರಳಾ ಕೇಳಿದಳು: "ಮೇಡಂ, ನಾ ಹಾಲಿನಾಗ ಏನ್ ವಿಷ ಹಾಕಿದ್ನೇನ್ರಿ? ನಮ್ಮವ್ವ ಹಾಕಿದ್ದಷ್ಟ ನಾ ಹಾಕೀನಿ." ನನ್ನಲ್ಲಿದ್ದದ್ದು ಬರೀ ಸಿಟ್ಟು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಸೇಂದಿಯ ವಿಷಯವನ್ನೆಲ್ಲ ವಿಶ್ವವಿದ್ಯಾಲಯಕ್ಕೆ ಬರೆಯುತ್ತೇನೆ ಎಂದು ಕೂಗಾಡಿದೆ. ಅವರು ತಣ್ಣಗೆ ಒಂದು ದಾರಿ ತೋರಿಸಿದರು. ಹುಡುಗ ಮಾಫಿ ಬರೆದುಕೊಟ್ಟರೆ ಟಿ.ಸಿ. ಹರಿದು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ನಿತಾಯ್ ಬಂದ, ತಾಯಿಯೂ ಬಂದಳು. ಅವನು ಬರೆದ, 'ತಿಳಿಯದೆ ತಪ್ಪಾಗಿದೆ' ಎಂದು.

"ಹಂಗಲ್ಲ. 'ನಮ್ಮ ಕ್ಯಾಂಪಿನವರ ಕೆಟ್ಟ ಚಟದಿಂದ' ಅಂತ ಬರಿ" ಎಂದರು ಪ್ರಿನ್ಸಿಪಾಲರು.

ನಿತಾಯ್ ಪೆನ್ನು ಕೆಳಗಿಟ್ಟ. "ನಮ್ಮವ್ವ ಇಲ್ಲೇ ನಿಂತಾಳ್ರಿ ಸರ್. ಆಕಿ ಮುಂದ ಹೆಂಗ ಬರೀಲಿ?"

ಸರಳಾಗೆ ಕನ್ನಡ ಓದಲು ಬರುತ್ತಿರಲಿಲ್ಲ, ಮಾತು ಅರ್ಥವಾಗುತ್ತಿತ್ತು. ಪೆನ್ನೆತ್ತಿ ಮಗನ ಕೈಗೆ ತುರುಕಿದಳು. "ಬರಿ ಬಾಬಾ, ನನ್ನಪ್ಪಾ. ಊರು ಬಿಟ್ಟು ಬಿಟ್ಟು ನನ್ನ ಕಾಲು ಸೋತಾವ. ಬರಿ, ಪರೀಕ್ಷಾ ಕೂಡು."

ಅವನು ಬರೆದ. ನಾನು ಗೋಡೆ ನೋಡುತ್ತ ನಿಂತಿದ್ದೆ.

ಆಮೇಲೆ ಬಂದದ್ದು ರಾಜ್ಯೋತ್ಸವ. ವೇದಿಕೆಗೆ ಕರೆದು ಪ್ರಿನ್ಸಿಪಾಲರು ನನಗೆ ಶಾಲು ಹೊದಿಸಿದರು. ವಿಶ್ವವಿದ್ಯಾಲಯಕ್ಕೆ ನಾನಿನ್ನೂ ಬರೆದಿರಲಿಲ್ಲ; ನನ್ನ ಬಾಯಿ ಕಟ್ಟಲು ಶಾಲೇ ಸಾಕೆಂದು ಎಣಿಸಿರಬೇಕು. "ಮಂಡ್ಯದಿಂದ ಬಂದ್ರೂ ಮೇಡಂ ನಮ್ಮೂರವರ ಆಗಿಬಿಟ್ಟಾರ" ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ನಿತಾಯ್ ಕೂಡ ತಟ್ಟುತ್ತಿದ್ದ. ನಾನು ಮೈಕು ಹಿಡಿದು, ಇಲ್ಲಿಗೆ ಬಂದ ಮೇಲೆ ಕಲಿತ ಮಾತಿನಲ್ಲೇ ಹೇಳಿದೆ: "ಇಲ್ರೀ. ನಾ ಬಂದಾಕಿ. ಈ ಊರಾಗ ಹುಟ್ಟಿದಾಂವ ಅಲ್ಲಿ ಹಿಂದ ಕುಂತಾನ. ಶಾಲು ಹೊದಸೋದಿದ್ರ ಅವಗ ಹೊದಸ್ರಿ." ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿತಾಯ್ ತಲೆ ತಗ್ಗಿಸಿದ.

ಅಂದಿನಿಂದ ಸ್ಟಾಫ್‌ರೂಮಿನಲ್ಲಿ ನಾನು "ಮಂಡ್ಯದ ಮೇಡಂ". ರಜೆಗೆ ನಿಮ್ಮಲ್ಲಿಗೆ ಬಂದರೆ, ನನ್ನ "ಹೌದ್ರೀ" ಕೇಳಿ ನಗುತ್ತ "ರಾಯಚೂರಿನೋಳು" ಅನ್ನುತ್ತೀರಿ. ಎರಡನ್ನೂ ಒಪ್ಪಿಕೊಂಡಿದ್ದೇನೆ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ನಿತಾಯ್ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದ. ಸರಳಾ ಕ್ಯಾಂಪಿನ ಮನೆಮನೆಗೂ ಸಿಹಿ ಹಂಚಿದಳೆಂದು ಕೇಳಿ, ಇಂದು ಬಂದಾಳು ನಾಳೆ ಬಂದಾಳು ಎಂದು ಬಾಗಿಲು ನೋಡಿದೆ. ಕಾಲೇಜಿನವರಿಗೆ ಯಾರಿಗೂ ಅವಳು ಸಿಹಿ ಕೊಡಲಿಲ್ಲ. ನನಗೂ ಕೊಡಲಿಲ್ಲ.